ತೊಡೆಯೊಳಗಿನ ಗುಂಯ್

ಬಲತೊಡೆಯ ಸಂದಿಯಲ್ಲಿ ತಣ್ಣಗೆ ಏನೋ ಹರಿಯಿತು, ಸ್ಪಿರಿಟ್ಟೋ ಎಂಥದೋ, ಮಂಚಯ್ಯ ಹಲ್ಲು ಕಚ್ಚಿದ, ಹೆದರಿ ಅಲ್ಲ, ಹೆದರುವ ಆಸಾಮಿಯೇ ಅಲ್ಲ ಅವನು, ಮೈಸೂರಿಗೆ ಕರೆತಂದು ಹಸಿರು ಬಟ್ಟೆಯಡಿ ಬರಿಮೈಯಲ್ಲಿ ಮಲಗಿಸಿದರಲ್ಲ ಎಂಬ ಸಿಟ್ಟಿಗೆ — ಎಡತೊಡೆಯೊಳಗೆ ಅದು ಈಗಲೂ ಗುಂಯ್ ಅನ್ನುತ್ತಿದೆ, ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ಜೇನುಹುಳದ ಹಾಗೆ, ಅನ್ನು ಮಗನೇ ಅನ್ನು, ಇವತ್ತಿಗೆ ಮುಗೀತು ನಿನ್ನ ಆಟ — ಇರುವೆ ಕಚ್ಚಿದ ಹಾಗಾಗುತ್ತೆ ಯಜಮಾನ್ರೇ, ಅಲ್ಲಾಡಬೇಡಿ, ಡಾಕ್ಟರ್ ರೂಪಶ್ರೀಯ ದನಿ, ಇರುವೆಯಂತೆ, ಶ್ರಾವಣದಲ್ಲಿ ತಂಬಾಕು ಬೇಯಿಸುವ ಬ್ಯಾರನ್‌ಗೆ ಸೊಪ್ಪು ಏರಿಸುವಾಗ ಮೇಲಿನ ಗಳದಿಂದ ಜಾರಿ ಬಿದ್ದು, ಸೊಪ್ಪು ಕಟ್ಟುವ ಕಡ್ಡಿ ಮುರಿದು ಎಡತೊಡೆಗೆ ನಾಟಿದ್ದನ್ನು ತಾನೇ ಕಿತ್ತು ಬಿಸಾಕಿದವನಿಗೆ ಇರುವೆಯ ಮಾತು! ಹುಣಸೂರಿನಲ್ಲಿ ಹೊಲಿಗೆ ಹಾಕಿಸಿದ, ಗಾಯ ಮಾಗಿತು, ಗುಂಯ್ ಶುರುವಾಯಿತು, ಮಾಂಸ ಕೂಡ್ತಾ ಐತೆ ಕಣ್ರಲಾ ಅಂದ, ಹರಾಜುಕಟ್ಟೆಯಲ್ಲಿ ಪಂಚೆ ಸರಿಸಿ ಮುಟ್ ನೋಡ್ರಲಾ, ಮೋಟ್ರು ಕೂತೈತೆ ಎಂದು ಮೆರೆದ, ಕರೆಂಟ್ ವೋದಾಗ ನಿನ್ ತೊಡೆಗೇ ವೈರ್ ಸಿಗಾಕ್ತೀವಿ ಬುಡು ಮಂಚಣ್ಣ ಎಂದು ಪಕ್ಕದ ಹೊಲದ ಸಾಗರ್ ನಕ್ಕ, ತಾನೂ ನಕ್ಕ, ನಗದವಳು ಕೆಂಪಾಜಮ್ಮ ಒಬ್ಬಳೇ, ಹೆಂಡತಿ, ಮಲಗುವಾಗ ಅಂಗೈ ಅಲ್ಲಿಟ್ಟವಳು ತಟ್ಟನೆ ಎಳೆದುಕೊಂಡಳು, ಬ್ಯಾರನ್ನಿನ ಕಾದ ಕೊಳವೆ ಮುಟ್ಟಿದವಳ ಹಾಗೆ, ಆ ಅಂಗೈ, ಇದು ಕೂಡೋದಲ್ಲ ಕಣಯ್ಯ, ಒಳಗೇನೋ ಸೋರ್ತಾ ಐತೆ, ನಡಿ ತೋರ್ಸುವ, ಮುಚ್ಚೇ ಬಾಯ ಅಂದ, ಅವಳು ಮುಚ್ಚಿದಳು, ಅವತ್ತಿನಿಂದ ಗೋಡೆ ಕಡೆ ತಿರುಗಿಯೇ ಮಲಗಿದಳು, ಕೈಯಿಡಲಿಲ್ಲ — ಕಾಲು ಊದಿತು, ನರಗಳು ಹಗ್ಗದಂತೆ ಎದ್ದವು, ಎರಡನೇ ಗಳ ಹತ್ತುವಷ್ಟರಲ್ಲಿ ಏದುಸಿರು, ಆಮೇಲೆ ಈ ರೂಪಶ್ರೀ, ರಕ್ತ ತರೋ ನಾಳಕ್ಕೂ ವಾಪಸ್ ಒಯ್ಯೋ ನಾಳಕ್ಕೂ ನಡುವೆ ಕಿಂಡಿ ಬಿದ್ದಿದೆ, ಕಾಲಿಗೆ ಇಳಿಯಬೇಕಾದ್ದು ಅಡ್ಡದಾರೀಲಿ ಹಾರ್ಟಿಗೆ ನುಗ್ತಿದೆ, ಹೀಗೇ ಬಿಟ್ಟರೆ ಎರಡೂ ಕೆಡುತ್ತೆ, ಕೊಯ್ಯದೆ ಎಂಗ್ರೀ ಮುಚ್ಚೀರಿ ಎಂದು ರೇಗಿದ್ದ, ಈಚೆ ತೊಡೇಲಿ ಒಂದು ಸಣ್ಣ ತೂತು ಸಾಕು, ತಂತಿ ಹಿಡಿದು ಒಳಗಿಂದಲೇ ಆ ಕಡೆ ಹೋಗಿ, ಬಟ್ಟೆ ಹೊದಿಸಿದ ಕೊಳವೆ ಕೂರಿಸ್ತೀವಿ, ಕೊಳವೆ ಅಂದದ್ದೇ ಧೈರ್ಯ ಬಂತು, ಬ್ಯಾರನ್ನಿನ ಕೊಳವೆ ತೂತಾದರೆ ತಾನು ಹೊರಗಿಂದ ತಗಡು ಸುತ್ತುತ್ತಾನೆ, ಇವಳು ಒಳಗಿಂದ, ಅಷ್ಟೇ ತಾನೆ, ಹೋಗು ತಾಯಿ ಹೋಗು, ಈಗ ಟೀವಿಯಂಥ ಪರದೆಯ ಮೇಲೆ ಕರೀ ದಾರದಂಥದ್ದು ತೆವಳುತ್ತಿದೆ, ತೊಡೆಗೆ ಬಿಸಿನೀರು ಹೊಯ್ದ ಹಾಗೆ, ಗುಂಯ್, ಗುಂಯ್, ಗು — ಎಲ್ಲಿ? ಉಸಿರು ಬಿಗಿಹಿಡಿದು ಕಾದ, ಇಲ್ಲ, ಕರೆಂಟ್ ಹೋದ ಊರಿನ ಹಾಗೆ ತೊಡೆಯೆಲ್ಲ ನಿಶ್ಶಬ್ದ, ಮುಚ್ಚಿತು ಯಜಮಾನ್ರೇ, ಗೊತ್ತಾಯ್ತು ಬುಡಿ ತಾಯಿ, ಗಾಲಿಮಂಚ ಉರುಳುತ್ತದೆ, ವಾರ್ಡು, ಬಾಗಿಲ ಬಳಿ ಸೆರಗು ಕಚ್ಚಿ ನಿಂತ ಕೆಂಪಾಜಮ್ಮ, ಏನು ನಿಂತಿದ್ದೀ ಇಡೇ ಕೈಯ ಎಂದು ಗದರಬೇಕೆಂದಿದ್ದ, ಬಾಯಿಗೆ ಬಂದದ್ದು ಇಟ್ ನೋಡು ಕೆಂಪಿ ಎಂದಷ್ಟೇ, ಅವಳು ಬರುತ್ತಾಳೆ, ಎಡತೊಡೆಯ ಬಟ್ಟೆಯ ಮೇಲೆ ಅಂಗೈ ಸುಳಿಯುತ್ತದೆ, ಅಳುಕುತ್ತದೆ, ಇಳಿಯುತ್ತದೆ, ಈಗ ಎಳೆದುಕೊಳ್ಳುತ್ತಾಳೆ, ಈಗ — ಇಲ್ಲ, ಅಂಗೈ, ಅಲ್ಲೇ, ಆ ಅಂಗೈ