ಕುರಿ ಇದ್ದಲ್ಲಿ ಜಿಂಕೆ

ಪೇಪರ್ ಅಂಗಡಿಯ ಹಗ್ಗಕ್ಕೆ ನೇತುಹಾಕಿದ ಪುರವಣಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಗೋಕಾಕ ಬಸ್‌ಸ್ಟ್ಯಾಂಡಿನ ಧೂಳೆಲ್ಲ ಅದರ ಮೇಲೆಯೇ, ಅದರೊಳಗೆ ಅನ್ನಪೂರ್ಣಾಳ ಕವಿತೆ ಇದೆ, ಅಲ್ಲ, ಅವಳದಲ್ಲ, ಹೆಸರು ಅವಳದು ಅಷ್ಟೇ — ಕುರಿ ಎದ್ದು ಹೋದಲ್ಲಿ ನೆಲ ಒಣಗೇ ಇತ್ತು, ಸುತ್ತೆಲ್ಲ ಇಬ್ಬನಿ, ಎಂದು ಅವಳು ಬರೆದದ್ದು, ಅಚ್ಚಾದದ್ದು ಜಿಂಕೆ ಎದ್ದು ಹೋದಲ್ಲಿ, ಜಿಂಕೆಯಂತೆ, ತುಕ್ಕಾನಟ್ಟಿಯಲ್ಲಿ ಕಬ್ಬು ಕಡಿದ ಹೊಲದಲ್ಲಿ ಯಾವ ಜಿಂಕೆ ಮಲಗಿತ್ತು, ಯಾರಪ್ಪ ಕಂಡಿದ್ದ, ಅಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿದ್ದವನು ಅವಳಪ್ಪ ಲಗಮಪ್ಪ, ತವರಿಗೆ ಹೋದಾಗಿನ ಆ ನಸುಕು ಇನ್ನೂ ಅವಳ ಅಂಗೈಯಲ್ಲಿದೆ, ಹಿಂಡು ಎದ್ದ ಮೇಲೆ ಬಗ್ಗಿ ನೆಲ ಮುಟ್ಟಿದ್ದಳು, ಬೆಚ್ಚಗಿತ್ತು, ಒಂದೊಂದು ಕುರಿಗೆ ಒಂದೊಂದು ಒಣ ಗುರುತು, ಮರಿ ಮಲಗಿದಲ್ಲಿ ಚಿಕ್ಕದು, ಅದಕ್ಕೊಂದು ಸಾಲು ಸಿಗುವತನಕ ಹುಕ್ಕೇರಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಯಲ್ಲೇ ಹೊರಳಿಸಿದ್ದಳು, ಸಿಕ್ಕ ದಿನ ಹಂಚಿನ ಮೇಲೆ ರೊಟ್ಟಿ ಸೀದು, ಗಂಡ ಸತ್ತೆಪ್ಪ ಬೈಯುತ್ತಿದ್ದರೆ ಇವಳಿಗೆ ನಗು, ತಡೆಯಲಾಗದ ನಗು, ಅಂಥ ಸುಖ, ಆ ಸುಖವನ್ನು ತುಳಿದು ಹೋದ ಈ ಪುರವಣಿಯವನು ಈಗ ಫೋನಿನಲ್ಲಿ ನಗುತ್ತಾನೆ, ಕುರಿ ಅಂದ್ರೆ ಓದುಗರು ನಗ್ತಾರೆ ಮೇಡಂ, ಜಿಂಕೆ ಅಂದ್ಕೂಡಲೇ ಕಾವ್ಯ ಆಯ್ತು ನೋಡಿ, ಚಿತ್ರ ಬೇರೆ ಬರೆಸಿದೀವಿ — ನಗೋರು ನಗಲಿ ಸರ್, ನಾ ಕಂಡದ್ದು ಕುರಿ, ಎಂದರೆ ಫೋನು ಕಟ್.

ಅದನ್ನಾದರೂ ನುಂಗಬಹುದಿತ್ತು, ಅಪ್ಪನ ಫೋನು ಬರದಿದ್ದರೆ, ನಮ್ಮ ಕುರಿ ಪೇಪರ್‌ದಾಗ ಬಂದಾವಂತಲ್ಲವ್ವಾ, ಓದ ನೋಡೂಣು, ಅವಳು ಕುರಿ ಎಂದೇ ಓದಿದಳು, ಗಟ್ಟಿಯಾಗಿ ಓದಿದಳು, ಅಪ್ಪನ ಹಿಂದಿನಿಂದ ತಮ್ಮ ಭೀಮಶಿಯ ದನಿ, ಸುಳ್ಳ ಓದಾಕತ್ತಾಳಪ್ಪಾ, ಇಲ್ಲಿ ಪೇಪರ್‌ದಾಗ ಜಿಂಕಿ ಅಂತ ಐತಿ, ಆ ಕಡೆ ಕುರಿಗಳ ಕೆಮ್ಮು, ಆಮೇಲೆ ಅಪ್ಪ, ಇರಲಿ ಬಿಡವ್ವಾ, ಜಿಂಕಿ ಚಂದ ಇರತಾವು — ಯಾಕೆ ಇರಲಿ, ಹುಟ್ಟಿದಂದಿನಿಂದ ಕುರಿಯ ಬೆನ್ನಿಗೇ ಬದುಕಿದವನ ಬಾಯಲ್ಲಿ ಈ ಇರಲಿ ಯಾಕೆ, ಅವಳು ಚೀಲದಿಂದ ಪೆನ್ನು ತೆಗೆದಳು, ಹಗ್ಗದಿಂದ ಪುರವಣಿ ಎಳೆದಳು, ಅಂಗಡಿಯ ಮಾಳಪ್ಪ ಎದ್ದು ನಿಂತ, ಅಕ್ಕಾರ, ಏನ್ ಮಾಡಾಕತ್ತೀರಿ, ಮಾರೂ ಪೇಪರ್ರಿ ಅದು — ತಿದ್ದಾಕತ್ತೇನಿ, ಎಷ್ಟ ಅದಾವು ಅಷ್ಟೂ ಕೊಡ್ರಿ, ನಾನ ತಗೋತೇನಿ — ಜಿಂಕೆಗೆ ಗೀಟು, ಮೇಲೆ ಕುರಿ, ಮುಂದಿನದಕ್ಕೆ ಗೀಟು, ಕುರಿ, ಹುಕ್ಕೇರಿ ಬಸ್ಸು ಹಾರ್ನ್ ಹೊಡೆಯಿತು, ಹೋಗಲಿ, ಕುರಿ, ಕಾಗದ ಹರಿಯಿತು, ಹರಿಯಲಿ, ಕುರಿ, ಆದರೆ ಪದದ ಪಕ್ಕದಲ್ಲಿ ಅವರು ಬರೆಸಿದ ಆ ಚಿತ್ರ, ಕತ್ತು ಹೊರಳಿಸಿ ನಿಂತ ಜಿಂಕೆ, ಕಾಡಿಗೆ ತೀಡಿದಂಥ ಕಣ್ಣು, ಅದರ ಮೇಲೂ ಗೀಚಿದಳು, ಅಡ್ಡ, ಉದ್ದ, ಗೀಟುಗಳ ಸಂದಿಯಿಂದ ಕಣ್ಣು ನೋಡುತ್ತದೆ, ಇನ್ನೊಂದು ಪ್ರತಿ ತೆರೆದರೆ ಅಲ್ಲೂ ಅದೇ ಕಣ್ಣು, ಪೆನ್ನು ನಿಂತಿತು, ಹಾಳಾದ್ದು, ಅಪ್ಪ ಹೇಳಿದ ಹಾಗೆ ಚಂದವೇ ಇದೆ, ಚಂದವೇ ಇದೆ —