ಹೊಗೆ ಕಡಿಮೆ ಇರುವ ಬಾಟಲಿ

ನಾನು ಮನೆಗೆ ಕರೆತಂದ ಗಂಡುಗಳನ್ನು ಓಡಿಸಲು ಅಪ್ಪ ಜಗಳವಾಡುವುದಿಲ್ಲ, ಬೈಯುವುದಿಲ್ಲ. ತನ್ನ ಹಸಿರು ಬಾಟಲಿ ತೆಗೆದು ಒಂದಿಷ್ಟು ವಿಸ್ಕಿ ಸುರಿದು ಎದುರಿಗಿಡುತ್ತಾನೆ, ಅಷ್ಟೇ. ಸುಟ್ಟ ಹಗ್ಗವನ್ನು ಆಸ್ಪತ್ರೆಯ ಔಷಧಿಯಲ್ಲಿ ನೆನೆಹಾಕಿದಂಥ ವಾಸನೆ ಅದಕ್ಕೆ. ಮೊದಲು ಬಂದ ಬ್ಯಾಂಕಿನವನು ಕೆಮ್ಮಿ ಕೆಮ್ಮಿ ಅಡುಗೆಮನೆಯ ಸಿಂಕಿಗೆ ಓಡಿದ. ಆಮೇಲೆ ಅವನು ಫೋನನ್ನೂ ಎತ್ತಲಿಲ್ಲ. ಅಪ್ಪ ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ತಿಂಗಳುಗಟ್ಟಲೆ ನಕ್ಕ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮದ್ಯದ ಕಾರ್ಖಾನೆಯಲ್ಲಿ ಪೀಪಾಯಿಗಳಲ್ಲಿನ ವಿಸ್ಕಿಯ ರುಚಿ ನೋಡುವ ಕೆಲಸ ಮಾಡಿ ನಿವೃತ್ತನಾದವನು ಅಪ್ಪ. ತನ್ನ ಮೂಗಿಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ಹೇಳಿಕೊಂಡು ತಿರುಗುತ್ತಾನೆ.

ಈ ಸಲ ನಾನು ಒಪ್ಪಿದ್ದು ಕನ್ನಡಕದ ಅಂಗಡಿಯವನನ್ನು. ನಾನು ಬಟ್ಟೆ ಕತ್ತರಿಸುವ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಅವನದು. ಅಪ್ಪ ಒಪ್ಪದಿದ್ದರೂ ಮದುವೆಯಾಗುವ ಧೈರ್ಯ ನನಗಿತ್ತು. ಅವನಿಗಿರಲಿಲ್ಲ.

"ನಿಮ್ಮಪ್ಪ ಹೂಂ ಅನ್ಲೇಬೇಕು. ಆದ್ರೆ ನಾನು ಬಿಯರ್ ಕೂಡ ಮುಟ್ಟಿದವನಲ್ಲ. ಅವರೆದುರು ಕೆಮ್ಮಿದ್ರೆ ನನ್ನ ಮಾನ ಹೋಗುತ್ತೆ. ನಿನ್ನ ಕಾಲಿಗೆ ಬೀಳ್ತೀನಿ, ಏನಾದ್ರೂ ಮಾಡು" ಎಂದ.

ಮಾಡಿದೆ. ದೊಡ್ಡ ಮದ್ಯದಂಗಡಿಗೆ ಹೋಗಿ, ಹೊಸಬನ ಗಂಟಲಿಗೆ ಇಳಿಯುವಂಥ, ಆದರೆ ಹೊಗೆಯ ವಾಸನೆ ಇರುವ ಸಿಂಗಲ್ ಮಾಲ್ಟ್ ವಿಸ್ಕಿ ಕೇಳಿದೆ. ಅಂಗಡಿಯಾಕೆ ಮುಖ ಗಂಟಿಕ್ಕಿದಳು.

"ಹೊಸಬರಿಗೆ ಹೊಗೆ ಯಾಕಮ್ಮ? ಹೊಗೆ ಇಲ್ಲದ್ದೇ ಕೊಡ್ತೀನಿ."

"ಬೇಡ. ಜೊತೆಗೆ ಕುಡಿಯೋನು ಹಳೇ ಹುಲಿ. ಅವನಿಗೆ ಅನುಮಾನ ಬರಬಾರದು."

ಜೌಗು ನೆಲದ ಕಪ್ಪು ಮಣ್ಣನ್ನು ಒಣಗಿಸಿ ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುತ್ತಾರಂತೆ. ಹೆಚ್ಚು ಹೊಗೆ ತಾಗಿದರೆ ಅಪ್ಪನ ಬಾಟಲಿ, ಸ್ವಲ್ಪ ತಾಗಿದರೆ ನನಗೆ ಬೇಕಾದದ್ದು. ರುಚಿ ನೋಡಲು ಆಕೆ ಕೊಟ್ಟ ಮೊದಲನೆಯದು ಬರೀ ಸಿಹಿ, ಅಪ್ಪ ಮೂಸಿದೊಡನೆ ಹಿಡಿದುಬಿಡುತ್ತಿದ್ದ. ಎರಡನೆಯದಕ್ಕೆ ನಾನೇ ಕೆಮ್ಮಿದೆ. ಆಕೆಗೆ ನಗು, ನನಗೆ ಸಿಟ್ಟು. ಕೊನೆಗೆ ಒಂದು ಸಿಕ್ಕಿತು. ಮೊದಲು ಜೇನು, ಆಮೇಲೆ ಸೇಬಿನ ಸಿಪ್ಪೆ, ನುಂಗಿದ ಮೇಲೆ ಪಕ್ಕದ ಮನೆಯ ಒಲೆಯಿಂದ ಬಂದಷ್ಟು ಹೊಗೆ.

"ಒಂದು ಚಮಚ ನೀರು ಬೆರೆಸೋಕೆ ಹೇಳಿ, ಇನ್ನೂ ಮೆತ್ತಗಾಗುತ್ತೆ" ಎಂದಳು ಆಕೆ.

ಅಪ್ಪ ವಾಕಿಂಗ್‌ಗೆ ಹೋದಾಗ ಹಸಿರು ಬಾಟಲಿಯಲ್ಲಿದ್ದದ್ದನ್ನೆಲ್ಲ ಸಿಂಕಿಗೆ ಸುರಿದು ಹೊಸದನ್ನು ತುಂಬಿಸಿದೆ.

ಭಾನುವಾರ ಮಧ್ಯಾಹ್ನ ಕನ್ನಡಕದವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅಪ್ಪ ಎರಡು ಗ್ಲಾಸಿಗೆ ಸುರಿದು, ತನ್ನದನ್ನು ಮೂಗಿನ ಕೆಳಗೆ ಆಡಿಸಿ ಕಣ್ಣು ಮುಚ್ಚಿದ.

"ಆಹಾ! ಏನು ಹೊಗೆ ಅಂತೀನಿ! ಗಂಟಲೊಳಗೆ ಬೆಂಕಿ ಇಟ್ಟ ಹಾಗೆ" ಎಂದ ಅಪ್ಪ.

ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ. ಅಪ್ಪನಿಗೆ ಗೊತ್ತೇ ಆಗಿರಲಿಲ್ಲ. ಮೂಗು ಯಾವಾಗ ಸತ್ತಿತ್ತೋ, ಜಂಬ ಮಾತ್ರ ಬದುಕಿತ್ತು.

ಕನ್ನಡಕದವನು ನಾನು ಹೇಳಿಕೊಟ್ಟಂತೆ ಒಂದು ಚಮಚ ನೀರು ಬೆರೆಸಿ, ಒಂದು ಗುಟುಕು ಕುಡಿದು ತುಟಿ ಒರೆಸಿಕೊಂಡ. ಕೆಮ್ಮಲಿಲ್ಲ. ಅಪ್ಪನ ಮುಖ ಸಪ್ಪಗಾಯಿತು.

"ಏನೂ ಅನ್ನಿಸ್ಲಿಲ್ವೇನಯ್ಯಾ?"

"ಚೆನ್ನಾಗಿದೆ ಸರ್."

"ಪರವಾಗಿಲ್ಲ, ಗಟ್ಟಿ ಆಸಾಮಿ" ಎಂದು ಅಪ್ಪ ಒಲ್ಲದ ಮನಸ್ಸಿನಿಂದ ಹೇಳಿದ. ಇನ್ನೇನು ಹೂಂ ಎನ್ನಬೇಕು, ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವನು ಗ್ಲಾಸು ಕೆಳಗಿಟ್ಟು ಕೈ ಕಟ್ಟಿಕೊಂಡ.

"ಸರ್, ನಿಮ್ಮಂಥವರ ಹತ್ರ ಸುಳ್ಳು ಹೇಳೋಕೆ ಮನಸ್ಸು ಬರ್ತಿಲ್ಲ. ಇದು ನಿಮ್ಮ ವಿಸ್ಕಿ ಅಲ್ಲ. ನಿಮ್ಮ ಮಗಳು ಬದಲಾಯಿಸಿದ್ದಾಳೆ. ದೊಡ್ಡವರಿಗೆ ಹೀಗೆಲ್ಲ ಮಾಡಬೇಡ ಅಂತ ನಾನು ಎಷ್ಟೋ ಹೇಳಿದೆ, ಕೇಳಲಿಲ್ಲ."

ಅಪ್ಪ ಗ್ಲಾಸನ್ನು ಇನ್ನೊಮ್ಮೆ ಮೂಗಿಗೆ ಹಿಡಿದ. ಒಂದು ಕ್ಷಣ ಆ ಮುಖ ನೋಡಲಾಗಲಿಲ್ಲ. ಅಯ್ಯೋ ಅನ್ನಿಸಿತು. ಆದರೆ ಅಪ್ಪ ನನ್ನ ಅಯ್ಯೋಗೆ ಕಾಯುವವನಲ್ಲ, ಗಹಗಹಿಸಿ ನಕ್ಕ.

"ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಮೂಸಿದಾಗ್ಲೇ ಗೊತ್ತಾಯ್ತು! ನೀನು ಬಾಯಿ ಬಿಡ್ತೀಯೋ ಇಲ್ವೋ ಅಂತ ಕಾದೆ." ಕನ್ನಡಕದವನ ಬೆನ್ನು ತಟ್ಟಿದ. "ಇವಳನ್ನ ನಂಬಬೇಡ, ಇವಳಮ್ಮನ ಥರಾನೇ ಕಳ್ಳಬುದ್ಧಿ. ನಂಗೆ ನಿನ್ನಂಥ ಅಳಿಯಾನೇ ಬೇಕು. ನಾನು ಒಪ್ಪಿದೆ, ಹೋಗು!"

"ತುಂಬಾ ಸಂತೋಷ ಮಾವ" ಎಂದ ಅವನು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಅದು ನಮ್ಮಿಬ್ಬರ ಗೆಲುವು ಎಂದೇ ಅವನು ತಿಳಿದಿದ್ದ.

ಕಾಲಿಗೆ ಬೀಳ್ತೀನಿ ಎಂದವನು ಇವನೇ, ಗಂಟಲಲ್ಲಿ ಬೆಂಕಿ ಎಂದವನು ಅಪ್ಪನೇ. ಒಬ್ಬರ ಸುಳ್ಳಿಗೆ ಇನ್ನೊಬ್ಬರು ತಲೆಯಾಡಿಸುತ್ತ ಕುಳಿತಿದ್ದರು. ಇಬ್ಬರ ಬಣ್ಣವನ್ನೂ ಅಲ್ಲೇ ಬಯಲು ಮಾಡಬಹುದಿತ್ತು. ಬಾಯಿ ನೋಯಿಸಿಕೊಳ್ಳಲು ಮನಸ್ಸಾಗಲಿಲ್ಲ. ಇವನಿಗಾಗಿ ಕಂಡ ಕಂಡ ವಿಸ್ಕಿ ಮೂಸಿಕೊಂಡು ನಿಂತಿದ್ದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಹೋಗಿ ಬಾಗಿಲು ತೆರೆದು ಹಿಡಿದೆ.

"ಎದ್ದೇಳು."

"ಯಾಕೆ? ನಿಮ್ಮಪ್ಪ ಒಪ್ಪಿದ್ರಲ್ಲ?"

"ಎದ್ದೇಳು ಅಂದೆ."

ಅವನು ಅಪ್ಪನ ಮುಖ ನೋಡಿದ. ಅಪ್ಪ ಮೇಜು ಗುದ್ದಿದ.

"ಏನೇ ಇದು? ನನ್ನ ಮನೆಯಿಂದ ನನ್ನ ಅಳಿಯನ್ನ ಕಳಿಸೋಕೆ ನೀನ್ಯಾರೇ?"

"ಮದುವೆ ಆಗಬೇಕಾಗಿದ್ದವಳು" ಎಂದೆ.