ಕಳ್ಳಿಯ ಪಾತ್ರ

ಕೋಲ್ವಾ ಕಡಲ ದಂಡೆಯ ಮರಳು ಮಧ್ಯಾಹ್ನಕ್ಕೆ ಹೆಂಚಿನಂತೆ ಕಾದಿರುತ್ತದೆ. ಅದರ ಮೇಲೆ ಸವೆದ ಚಪ್ಪಲಿ ಎಳೆಯುತ್ತ, ಕಾಲ್ಗೆಜ್ಜೆ, ಮಣಿಸರಗಳ ಗಂಟು ಹೊತ್ತು ಭೀಮಿಬಾಯಿ ದಿನವಿಡೀ ತಿರುಗುತ್ತಿದ್ದಳು. ದಂಡೆಯಲ್ಲಿ ಮಾರಲು ಪರವಾನಗಿ ಇಲ್ಲ; ಪೋಲೀಸರು ಕಂಡರೆ ಗಂಟು ಸಮೇತ ಓಟ. ಸಿಕ್ಕಿಬಿದ್ದರೆ ಸರಕು ಹೋದಂತೆಯೇ. ವಿಜಯಪುರದ ಕಡೆಯ ಲಮಾಣಿ ತಾಂಡಾ ಬಿಟ್ಟು ಬಂದ ಮೇಲೆ ಅವಳ ಬದುಕು ಇದೇ. ಆದರೂ ಬೈದ ಗಿರಾಕಿಯನ್ನೂ ನಗಿಸಿಯೇ ಕಳಿಸುವಳು.

ಆ ನಗು ಕಂಡೇ ಬೆಂಗಳೂರಿನ ನಿರ್ದೇಶಕನೊಬ್ಬ ಅವಳನ್ನು ತನ್ನ ಕಿರುಚಿತ್ರಕ್ಕೆ ಕರೆದ. ಅವಕಾಶ ಸಿಗದೆ ಹಸಿದು ಅಲೆಯುವ ನಟನ ಕಥೆ. ನಟನ ಪಾತ್ರಕ್ಕೆ ಅಜಯ. ಮಂಗೋರ್ ಹಿಲ್ಲಿನ ಕನ್ನಡಿಗರ ಕೇರಿಯ ಹುಡುಗ, ವೆರ್ಣಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ತಲೆ ತುಂಬ ನಾಟಕದ ಹುಚ್ಚು. ಅವನಿಗೆ ಇದೇ ಮೊದಲ ದೊಡ್ಡ ಪಾತ್ರ.

ಚಿತ್ರೀಕರಣದ ದಿನ ಭೀಮಿಬಾಯಿ ಕನ್ನಡಿ ಕಸೂತಿಯ ಲಂಗ ಉಟ್ಟು ದಂಡೆಗೆ ಬಂದಳು. ನೋಡಲು ಕೇಸರಿಬಾಯಿ ಮತ್ತು ದಂಡೆಯಲ್ಲಿ ಮಾರುವ ಗೆಳತಿಯರೆಲ್ಲ ಬಂದರು.

"ಅಜ್ಜಿ, ಇವನು ಹಸಿದು ಮಲಗಿರ್ತಾನೆ. ನೀವು ಮೆಲ್ಲಗೆ ಬಂದು ಜೇಬಿನಿಂದ ಮೊಬೈಲ್ ಕದೀಬೇಕು. ಅಷ್ಟೇ," ಎಂದ ನಿರ್ದೇಶಕ.

ಭೀಮಿಬಾಯಿಯ ನಗು ನಿಂತಿತು. "ನಾ ಕದಿಯಾಂಗಿಲ್ರಿ ಸಾಹೇಬ್ರ."

"ಅಯ್ಯೋ, ಇದು ಆ್ಯಕ್ಟಿಂಗ್!"

"ಅದು ನಿಮಗ ಗೊತ್ತೈತ್ರಿ. ನಾಳಿ ಪೋಲೀಸಗ ಯಾರು ಹೇಳ್ತಾರ? ಮೊದಲ ಲಮಾಣಿ ಮಂದಿನ್ನ ಕಳ್ಳರಂತಾರ."

ಸೂರ್ಯ ಇಳಿಯುತ್ತಿದ್ದ. ನಿರ್ದೇಶಕ ಸಿಟ್ಟಿನಿಂದ ಕೇಸರಿಬಾಯಿಯ ಕಡೆ ತಿರುಗಿ, "ಹಾಗಾದ್ರೆ ನೀವು ಮಾಡಿ," ಎಂದ. ಅವಳು ಗಂಟು ಇಳಿಸಿ ಕ್ಯಾಮೆರಾದ ಎದುರೇ ಕೂತಳು. "ನಾನೂ ಒಲ್ಲೆ." ಒಬ್ಬಳ ಹಿಂದೊಬ್ಬಳು ಎಲ್ಲರೂ ಕೂತರು.

"ಅಜಯ್, ಇವರನ್ನ ಎಬ್ಬಿಸು! ಇಲ್ಲಾಂದ್ರೆ ಸಿನಿಮಾನೂ ಇಲ್ಲ, ನೀನೂ ಇಲ್ಲ!"

ಅಜಯನ ಮುಖ ಬಿಳಿಚಿತು. ಹುಡುಗನನ್ನು ಕಂಡು ಭೀಮಿಬಾಯಿಗೆ ಮರುಕವಾಯಿತು. ಆದರೂ ಅವಳು ಮಾತು ಬದಲಿಸಲಿಲ್ಲ.

ಅಜಯ ಮರಳು ಕೊಡವಿಕೊಂಡು ಎದ್ದ. "ಸರ್, ಹಸದಾವ ನಾನ ಅಲ್ರಿ? ಕದಿಯಾವನೂ ನಾನ ಆಗ್ತೇನಿ. ಈ ಆಯಿ ಗಂಟಿಗೆ ಕೈ ಹಾಕ್ತೇನಿ. ಕ್ಯಾಮೆರಾ ಚಾಲೂ ಮಾಡ್ರಿ."

ಬೆಳಕು ಕಾಯುವಂತಿರಲಿಲ್ಲ. ನಿರ್ದೇಶಕ ತಲೆಯಾಡಿಸಿದ. ಹೆಂಗಸರು ಕೂತಲ್ಲೇ ಕೂತಿದ್ದರು. ಅವರನ್ನೂ ಸೇರಿಸಿಯೇ ಕ್ಯಾಮೆರಾ ಓಡಿತು.

ಅಜಯ ಗಂಟಿಗೆ ಕೈ ಹಾಕಿದ್ದೇ ತಡ, ಭೀಮಿಬಾಯಿ ಅವನ ಕೈ ಹಿಡಿದಳು. ಯಾರೂ ಬರೆದುಕೊಡದ ಮಾತು ತಾನಾಗಿ ಬಂತು. "ಹಸದಿದ್ರ ಕೇಳೋ ಮಗನ! ಕೇಳಾಕ ನಾಚಿಕಿ, ಕದಿಯಾಕ ನಾಚಿಕಿಲ್ಲ?" ಬೆನ್ನಿಗೊಂದು ಗುದ್ದಿ, ತನ್ನ ಬುತ್ತಿಯ ರೊಟ್ಟಿ ಕೈಗಿಟ್ಟಳು. ಅಜಯ ನಿಜವಾಗಿಯೇ ಅತ್ತ. ಅಳುತ್ತಲೇ ಅಷ್ಟೂ ರೊಟ್ಟಿ ತಿಂದ. ಗೆಳತಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಿರ್ದೇಶಕ ಕಟ್ ಹೇಳುವುದನ್ನೇ ಮರೆತ.

"ಚೆನ್ನಾಗಿ ಬಂತು," ಎಂದು ಕೊನೆಗೆ ಗೊಣಗಿದ. "ಆದ್ರೆ ಇದು ನಾನು ಬರೆದ ಕಥೆ ಅಲ್ಲ."

"ಕಥಿ ನೀನ ಬರಿ ತಮ್ಮಾ," ಎಂದಳು ಭೀಮಿಬಾಯಿ. ಸಾಹೇಬ ಎಂಬ ಮಾತು ಅವಳ ಬಾಯಿಂದ ಯಾವಾಗಲೋ ಉದುರಿಹೋಗಿತ್ತು. "ನಮ್ಮನ್ನ ಕಳ್ಳರಂತ ಬರಿಯೂದಕಿಂತ ಮೊದಲ ಒಮ್ಮಿ ನಮ್ಮನ್ನ ಕೇಳು."

ಹೆಂಗಸರು ಹೋ ಎಂದು ನಕ್ಕರು. ಯಾರೂ ಜಾಗ ಬಿಟ್ಟು ಏಳಲಿಲ್ಲ.